ರೊಚ್ಚಿನಲ್ಲಿ ಅಡಗಿದ ಹುಳಿ

ಬೆಂಗಳೂರಿನಿಂದ ತುಮಕೂರಿನತ್ತ ಹೊರಟವರಿಗೆ ಪೀಣ್ಯದ ಕಾರ್ಖಾನೆಗಳ ಸಾಲು ಮುಗಿದ ಮೇಲೆ ಮಾದನಾಯಕನಹಳ್ಳಿ ಎದುರಾಗುತ್ತದೆ. ಒಂದು ಕಾಲದ ಹಳ್ಳಿ. ಇಂದು ನಗರದ ಅಂಚು. ಮನೆಗಳು ಹೆಚ್ಚಿದಂತೆ ಹೊಲಸು ನೀರೂ ಹೆಚ್ಚುವುದು ಸಹಜ. ಆ ನೀರನ್ನು ಶುದ್ಧಿಮಾಡಿದ ಮೇಲೂ ತೊಟ್ಟಿಯ ತಳದಲ್ಲಿ ಕಪ್ಪು ರೊಚ್ಚು ಉಳಿಯುತ್ತದೆ. ಅದನ್ನು ಏನು ಮಾಡಬೇಕು? ಬೆಳೆಯುವ ಪ್ರತಿಯೊಂದು ಊರಿಗೂ ಇದೊಂದು ಒಗಟು.

ಈ ಒಗಟಿಗೂ ಬೆಂಗಳೂರಿಗೂ ಹಳೆಯ ನಂಟುಂಟು. ಹೊಲಸು ನೀರಿಗೆ ಗಾಳಿಯೂದಿ, ತಳಕ್ಕಿಳಿದ ರೊಚ್ಚನ್ನು ಚೆಲ್ಲದೆ ಮತ್ತೆ ಮತ್ತೆ ಬಳಸಿದರೆ ನೀರು ಬೇಗನೆ ತಿಳಿಯಾಗುವುದೆಂದು 1914ರಲ್ಲಿ ಮ್ಯಾಂಚೆಸ್ಟರಿನ ರಸಾಯನಜ್ಞರಾದ ಆರ್ಡರ್ನ್ ಮತ್ತು ಲಾಕೆಟ್ ತೋರಿಸಿಕೊಟ್ಟರು. ಅವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ, ಜನರು ಟಾಟಾ ಸಂಸ್ಥೆಯೆಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ರೊಚ್ಚು ಸತ್ತ ವಸ್ತುವಲ್ಲ, ಸೂಕ್ಷ್ಮಜೀವಿಗಳ ಬೀಡು ಎಂಬುದೇ ಆ ವಿಧಾನದ ತಿರುಳು.

ಇಂಥ ರೊಚ್ಚನ್ನು ಗಾಳಿಯಾಡದ ತೊಟ್ಟಿಯಲ್ಲಿ ಮುಚ್ಚಿಟ್ಟರೆ ಏನಾದೀತು? ಅದರಲ್ಲಿರುವ ಪಿಷ್ಟ, ಸಸಾರಜನಕ, ಕೊಬ್ಬುಗಳು ಮೊದಲು ಒಡೆಯುತ್ತವೆ. ಬಳಿಕ ಹುಳಿತು ಕಿರಿಯ ಮೇದಾಮ್ಲಗಳಾಗುತ್ತವೆ: ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ, ಪ್ರೊಪಿಯಾನಿಕ್ ಆಮ್ಲ, ಕಮಟು ಬೆಣ್ಣೆಯ ನಾತಕ್ಕೆ ಕಾರಣವಾದ ಬ್ಯುಟಿರಿಕ್ ಆಮ್ಲ. ಕೊನೆಗೆ ಬೇರೊಂದು ಗುಂಪಿನ ಜೀವಿಗಳು ಬಂದು ಇವುಗಳಿಂದ ಮೀಥೇನ್ ಅನಿಲವನ್ನು ಹುಟ್ಟಿಸುತ್ತವೆ. ಹಳ್ಳಿಯ ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದು ಈ ಮೀಥೇನೇ.

ಈ ಓಟವನ್ನು ನಡುದಾರಿಯಲ್ಲಿ ತಡೆಯುವುದೇ ಹೊಸ ವಿದ್ಯೆ. ಮೀಥೇನಿನ ಜೀವಿಗಳು ನಿಧಾನವಾಗಿ ಬೆಳೆಯುತ್ತವೆ. ಅತಿ ಹುಳಿಯನ್ನಾಗಲಿ ಅತಿ ಕ್ಷಾರವನ್ನಾಗಲಿ ಸಹಿಸವು. ಆದುದರಿಂದ ರೊಚ್ಚನ್ನು ಕೆಲವೇ ದಿನ ತೊಟ್ಟಿಯಲ್ಲಿರಿಸಿ ಹದ ಕಾಯ್ದರೆ ಆಮ್ಲಗಳು ಕೈಗೆ ದಕ್ಕುತ್ತವೆ. ಅವುಗಳನ್ನುಂಡ ಕೆಲವು ಬ್ಯಾಕ್ಟೀರಿಯಗಳು, ಮಣ್ಣಿನಲ್ಲಿ ಕರಗಬಲ್ಲ ಪ್ಲಾಸ್ಟಿಕ್ಕನ್ನು ತಮ್ಮ ಒಡಲಿನಲ್ಲಿ ಕೂಡಿಡುತ್ತವೆ. ಹೊಲಸು ನೀರಿನಿಂದ ಸಾರಜನಕ, ರಂಜಕಗಳನ್ನು ತೆಗೆಯುವ ಜೀವಿಗಳಿಗೂ ಇವು ಒಳ್ಳೆಯ ಆಹಾರ. ಕೆರೆಗಳಲ್ಲಿ ಅಂತರಗಂಗೆ ದಟ್ಟವಾಗಿ ಹಬ್ಬುವುದು ಈ ಎರಡರ ಪುಷ್ಟಿಯಿಂದಲ್ಲವೆ?

ಆದರೆ ತೊಡಕುಗಳು ಇಲ್ಲದಿಲ್ಲ. ಆಮ್ಲಗಳು ನೀರಿನಲ್ಲಿ ತೀರ ತೆಳುವಾಗಿ ಬೆರೆತಿರುವುದರಿಂದ ಅವನ್ನು ಬೇರ್ಪಡಿಸುವ ವೆಚ್ಚ ಹೆಚ್ಚು. ಅದಕ್ಕಿಂತ ದೊಡ್ಡ ಆತಂಕ ಇನ್ನೊಂದು. ಪೀಣ್ಯದಂಥ ಪ್ರದೇಶಗಳಲ್ಲಿ ಲೋಹಲೇಪನದ ಘಟಕಗಳು ಹಲವಾರು. ಅಲ್ಲಿ ಬಳಸುವ ಕ್ರೋಮಿಯಂ, ನಿಕ್ಕಲ್‌ಗಳು ಚರಂಡಿಗೆ ಸೇರಿದರೆ ರೊಚ್ಚಿನ ಜೀವಿಗಳು ಕುಗ್ಗುತ್ತವೆ. ಲೋಹ ಮಾತ್ರ ಅಳಿಯದೆ, ರೊಚ್ಚುಗೊಬ್ಬರದೊಡನೆ ರೈತನ ಹೊಲವನ್ನು ಸೇರುತ್ತದೆ.

ಮನೆಯ ಚರಂಡಿಯೂ ಕಾರ್ಖಾನೆಯ ಕಾಲುವೆಯೂ ಬೇರೆ ಬೇರೆಯಾಗಿ ಹರಿದರೆ ರೊಚ್ಚು ಸಂಪತ್ತು; ಒಂದರೊಳಗೊಂದು ಬೆರೆತರೆ ವಿಷ. ತೊಟ್ಟಿಯೊಳಗಿನ ವಿಜ್ಞಾನ ಫಲಿಸಬೇಕಾದರೆ ಅದರ ಹೊರಗಿನ ವಿವೇಕ ಮೊದಲು ಎಚ್ಚರವಾಗಬೇಕು.