ಸುಲಭವೆಂಬ ಬೆಟ್ಟಗಳು

'ದುರ್ಗ' ಎಂಬ ಶಬ್ದವನ್ನು ತರಗತಿಯಲ್ಲಿ ಬಿಡಿಸಿ ಹೇಳುವಾಗಲೆಲ್ಲ ನನಗೆ ನಮ್ಮ ಸೀಮೆಯ ಬೆಟ್ಟಗಳು ನೆನಪಿಗೆ ಬರುತ್ತವೆ. ಹೋಗಲು ಕಷ್ಟವಾದದ್ದು ದುರ್ಗ. ನಂದಿದುರ್ಗ, ಚಿಂತಾಮಣಿಯ ಬಳಿಯ ಅಂಬಾಜಿದುರ್ಗ, ಗೌರಿಬಿದನೂರಿಗೆ ಹೋಗುವ ರೈಲಿನ ಕಿಟಕಿಯಲ್ಲಿ ಕಾಣಿಸುವ ಮಾಕಳಿದುರ್ಗ, ಚಿಕ್ಕಬಳ್ಳಾಪುರದ ಮಗ್ಗುಲಿನ ಕಳವಾರದುರ್ಗ: ಹಿಂದಿನವರು ಬೆಟ್ಟಕ್ಕೆ ಹೆಸರಿಡುವಾಗಲೇ ಅದರ ದರ್ಜೆಯನ್ನೂ ಬರೆದಿಟ್ಟರು ಎನ್ನಬಹುದು. ಆದರೆ ಆ ದರ್ಜೆ ಯಾರ ಕಾಲಿನ ಲೆಕ್ಕದ್ದು? ಮೇಲೆ ಕೋಟೆಯಲ್ಲಿ ಕುಳಿತವನದಲ್ಲ, ಕೆಳಗೆ ಡೇರೆ ಹೂಡಿದ ಶತ್ರುವಿನದು. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮೂರು ವಾರಗಳ ಮುತ್ತಿಗೆಯಲ್ಲಿ ನಂದಿಯನ್ನು ಹಿಡಿದುಬಿಟ್ಟಿತು. ಈಗಂತೂ 1,478 ಮೀಟರು ಎತ್ತರದ ಆ ದುರ್ಗದ ತುದಿಗೆ ಮೋಟಾರಿನಲ್ಲಿ ಕುಳಿತೇ ಹೋಗಿ ಕಾಫಿ ಕುಡಿದು ಬರಬಹುದು. ಹೆಸರು ಮಾತ್ರ ಹಾಗೆಯೇ ಉಳಿದಿದೆ. ಕಳವಾರದುರ್ಗದ ಕಥೆ ಇದಕ್ಕೆ ತಿರುವುಮುರುವು. ಅದಕ್ಕೆ ರಸ್ತೆ ಬರಲಿಲ್ಲ, ಹೆಸರು ಬದಲಾಯಿತು. ಇಂದಿನ ಯುವಕರಿಗೆ ಅದು ಸ್ಕಂದಗಿರಿ. ದುರ್ಗ ಹೋಗಿ ಗಿರಿ ಬಂದಿತು. ಬಂಡೆಯ ಓರೆ ಒಂದಂಗುಲವೂ ತಗ್ಗಲಿಲ್ಲ.

ಹಳೆಯ ಹೆಸರುಗಳ ಕೆಲಸವನ್ನು ಈಗ ಮೂರು ಮಾತುಗಳು ವಹಿಸಿಕೊಂಡಿವೆ: ಸುಲಭ, ಮಧ್ಯಮ, ಕಠಿಣ. ಚಾರಣಕ್ಕೆ ಕರೆದೊಯ್ಯುವ ಸಂಸ್ಥೆಗಳು ತಮ್ಮ ಪಟ್ಟಿಯಲ್ಲಿ ಪ್ರತಿಯೊಂದು ಬೆಟ್ಟದ ಮುಂದೆಯೂ ಇವುಗಳಲ್ಲೊಂದನ್ನು ನಮೂದಿಸುತ್ತವೆ. ಇದೇ ಸ್ಕಂದಗಿರಿಯನ್ನು ಒಬ್ಬರು ಸುಲಭವೆಂದರೆ ಇನ್ನೊಬ್ಬರು ಮಧ್ಯಮವೆನ್ನುತ್ತಾರೆ. ಇದರಲ್ಲಿ ವ್ಯಾಪಾರದ ಜಾಣತನವೂ ತುಸು ಬೆರೆತಿದೆ ಎಂಬ ಗುಮಾನಿ ನನ್ನದು. ಕಠಿಣವೆಂದರೆ ಜನ ಬರರು, ಸುಲಭವೆಂದರೆ ಹತ್ತಿಬಂದವನು ಊರಿನಲ್ಲಿ ಹೇಳಿಕೊಳ್ಳಲು ಏನೂ ಉಳಿಯದು, ಆದಕಾರಣ ಮಧ್ಯಮ! ಆದರೆ ಎಲ್ಲವನ್ನೂ ವ್ಯಾಪಾರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಮೂಲದಲ್ಲಿರುವ ತೊಡಕು ಬೇರೆ.

ಉತ್ತರಾಖಂಡದ ಕೇದಾರಕಂಠ ಶಿಖರ 3,810 ಮೀಟರು ಎತ್ತರದ್ದು. ಚಳಿಗಾಲದಲ್ಲಿ ಹಿಮ ಮುಚ್ಚಿರುತ್ತದೆ. ಹಿಮಾಲಯಕ್ಕೆ ಮೊದಲ ಸಲ ಹೋಗುವವರಿಗೆ ತಕ್ಕದ್ದೆಂದು, ಸುಲಭದ ದರ್ಜೆಯದೆಂದು ಅದಕ್ಕೆ ಹೆಸರು. ನಮ್ಮ ಕುಮಾರಪರ್ವತ 1,712 ಮೀಟರು, ಅದರ ಅರ್ಧಕ್ಕೂ ಕಡಿಮೆ. ಕರ್ನಾಟಕದ ಪಟ್ಟಿಗಳಲ್ಲಿ ಅದು ಕಠಿಣ. ಎರಡು ಪಟ್ಟಿಗಳೂ ಸುಳ್ಳು ಹೇಳುತ್ತಿಲ್ಲ. ಒಂದು ಹಿಮಾಲಯದ ನೆರೆಹೊರೆಯಲ್ಲಿ ನಿಂತು ಅಳೆದದ್ದು, ಇನ್ನೊಂದು ಸಹ್ಯಾದ್ರಿಯಲ್ಲಿ ನಿಂತು ಅಳೆದದ್ದು. ಆದರೆ ಇವೆರಡನ್ನೂ ಒಂದೇ ಕೈಯಲ್ಲಿ ಹಿಡಿದು ಓದುವ ಹುಡುಗನಿಗೆ ಅದು ತಿಳಿಯುವ ಬಗೆ ಯಾವುದು?

ಹಿಮದ ನಾಡುಗಳವರೂ ಈ ತೊಡಕಿನಿಂದ ಪಾರಾಗಿಲ್ಲ. ಕಾಲಿಗೆ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟವುಂಟಷ್ಟೆ. ನಮ್ಮಲ್ಲಿಯೂ ಗುಲ್ಮಾರ್ಗ, ಔಲಿಗಳಲ್ಲಿ ಅದು ನಡೆಯುತ್ತದೆ. ಅಮೆರಿಕದಲ್ಲಿ ಆ ಇಳಿಜಾರುಗಳಿಗೆ ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರ ಎಂಬ ಗುರುತುಗಳನ್ನು ಹಾಕುತ್ತಾರೆ. ಗುರುತು ದೇಶಕ್ಕೆಲ್ಲ ಒಂದೇ. ಹಾಕುವ ಕೈ ಮಾತ್ರ ಬೇರೆ ಬೇರೆ. ಪ್ರತಿಯೊಂದು ತಾಣವೂ ತನ್ನಲ್ಲಿರುವ ಇಳಿಜಾರುಗಳನ್ನು ತಮ್ಮತಮ್ಮಲ್ಲೇ ಹೋಲಿಸಿ ದರ್ಜೆ ಕೊಡುತ್ತದೆ. ಸಣ್ಣ ಗುಡ್ಡದ ಕಪ್ಪು ವಜ್ರ ದೊಡ್ಡ ಪರ್ವತದ ನೀಲಿ ಚೌಕಕ್ಕೆ ಸಾಟಿಯಾಗದೆ ಹೋಗುವುದುಂಟು. ಯೂರೋಪಿಗೆ ಹೋದರೆ ನೀಲಿಗೂ ಕಪ್ಪಿಗೂ ನಡುವೆ ಕೆಂಪೆಂಬ ಇನ್ನೊಂದು ಬಣ್ಣ ಬಂದು ಲೆಕ್ಕವೇ ತಪ್ಪುತ್ತದೆ.

ನಮ್ಮ ಹಳ್ಳಿಗರ ಮಾತಿನಲ್ಲಿಯೂ ಇಂಥ ಅಳತೆಗಳು ಧಾರಾಳ. 'ಕೂಗಳತೆ' ಎಂಬುದು ದೂರದ ಅಳತೆ. ಆದರೆ ಅದು ಕೂಗುವವನ ಗಂಟಲಿನ ಮೇಲೆ ನಿಂತಿದೆ. ರಹಮಾನ್‌ಗಢದ ತಪ್ಪಲಿನಲ್ಲಿ ಕುರಿ ಕಾಯುತ್ತಿದ್ದ ಮುದುಕರೊಬ್ಬರನ್ನು ದಾರಿ ಹೇಗೆಂದು ಕೇಳಿದೆ. "ಏನಿಲ್ಲ ಸ್ವಾಮಿ, ಒಂದು ಬೀಡಿ ಸೇದೋ ಅಷ್ಟರಲ್ಲಿ ಹತ್ತಬಹುದು" ಎಂದರು. ನಮಗೆ ಒಂದು ಕಟ್ಟು ಬೀಡಿಯ ಹೊತ್ತು ಹಿಡಿಯಿತು. ಅವರು ಸುಳ್ಳಾಡಲಿಲ್ಲ, ತಮ್ಮ ಕಾಲಿನ ಮಾತು ಆಡಿದರು. ಗೌರಿಬಿದನೂರಿನ ಬಳಿಯ ಹೊಸೂರಿನ ಬಾಲಕ ಎಚ್. ನರಸಿಂಹಯ್ಯನವರು 1935ರಲ್ಲಿ ಬಸ್ಸಿಗೆ ಕಾಸಿಲ್ಲದೆ ಓದಿಗಾಗಿ ಬೆಂಗಳೂರಿನವರೆಗೆ ನಡೆದೇ ಹೋದರು. ಆ ದಾರಿಗೆ ಯಾವ ದರ್ಜೆ ಕೊಡೋಣ? ನೆಲವೇನೋ ಬಹುಮಟ್ಟಿಗೆ ಸಮತಟ್ಟು!

ಇದು ಬರಿಯ ಶಬ್ದವಿಚಾರವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಬೆಟ್ಟಕ್ಕೆ ಕರೆದೊಯ್ಯುವ ಹೊಣೆ ನನ್ನ ಪಾಲಿಗೆ ಬಂದಿದೆ. ಒಂದು ವರ್ಷ ಶಿಡ್ಲಘಟ್ಟದ ಕಡೆಯ ಹುಡುಗಿಯೊಬ್ಬಳು ಸ್ಕಂದಗಿರಿಯ ಪ್ರಕಟಣೆಯನ್ನು ಹಿಡಿದು ಬಂದಳು. ರೇಷ್ಮೆ ನೂಲು ಬಿಚ್ಚುವ ಮನೆಯ ಮಗಳು. ಗೂಡು ಬೇಯಿಸುವ ಹಬೆಯಲ್ಲಿ ಬೆಳೆದು ಉಬ್ಬಸ ಅಂಟಿಸಿಕೊಂಡಿದ್ದವಳು. "ಸಾರ್, ಸುಲಭ ಅಂತ ಬರೆದಿದ್ದಾರೆ. ನಾನು ಬರಬಹುದಾ?" ಎಂದಳು. ಆ ಒಂದು ಪದವನ್ನು ನಂಬಿ 'ಬಾ' ಎನ್ನುವಂತಿರಲಿಲ್ಲ. ಅದನ್ನು ನಂಬದೆ 'ಬೇಡ' ಎಂದರೆ, ಬಹುಶಃ ಹತ್ತಬಲ್ಲವಳನ್ನು ಮನೆಯಲ್ಲಿ ಕೂರಿಸಿದಂತಾಗುತ್ತಿತ್ತು.

ಉತ್ತರಕ್ಕೆ ಹಾದಿ ದೊರೆತದ್ದು ಅವಳ ಮನೆಯ ಕಸುಬಿನಿಂದಲೇ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡನ್ನು ಕಣ್ಣಿನಿಂದ ನೋಡಿ, ಕೈಯಿಂದ ಅದುಮಿ ಒಳ್ಳೆಯದು, ಸಾಧಾರಣ ಎನ್ನುವುದು ಇದ್ದದ್ದೇ. ಆದರೆ ಅದರ ಬೆನ್ನಿಗೆ 'ರೆಂಡಿಟ್ಟ' ಎಂಬ ಗಟ್ಟಿ ಲೆಕ್ಕವುಂಟು: ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕು ಎಂಬ ಸಂಖ್ಯೆ. ಏಳು ಎಂದರೆ ಶಿಡ್ಲಘಟ್ಟದಲ್ಲಿಯೂ ಏಳೇ, ರಾಮನಗರದಲ್ಲಿಯೂ ಏಳೇ. ಬೆಟ್ಟಕ್ಕೂ ಅಂಥದೊಂದು ರೆಂಡಿಟ್ಟ ಇರಬಾರದೇಕೆ? ಇದೆ. ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿಯೇ ಒಂದು ಸೂತ್ರ ಕೊಟ್ಟಿದ್ದಾನೆ: ಪ್ರತಿ 3 ಮೈಲಿ ನಡಿಗೆಗೆ ಒಂದು ಗಂಟೆ, ಪ್ರತಿ 2,000 ಅಡಿ ಏರಿಗೆ ಮತ್ತೊಂದು ಗಂಟೆ. ಸ್ಕಂದಗಿರಿಗೆ ಪಾಪಾಗ್ನಿ ಮಠದಿಂದ ದಾರಿ ಸುಮಾರು ಎರಡೂವರೆ ಮೈಲಿ, ಏರು ಹೆಚ್ಚುಕಡಿಮೆ 1,500 ಅಡಿ. ಕೂಡಿದರೆ ಒಂದೂವರೆ ಗಂಟೆಗೆ ತುಸು ಮೇಲೆ. ಕುಕ್ಕೆಯ ಕಡೆಯಿಂದ ಕುಮಾರಪರ್ವತಕ್ಕೆ ದಾರಿ ಸುಮಾರು 8 ಮೈಲಿ, ಏರು 5,000 ಅಡಿಗೂ ಮೇಲೆ. ಐದು ಗಂಟೆ ದಾಟುತ್ತದೆ. ಗಟ್ಟಿಮುಟ್ಟಾದ ಕಾಲಿನ, ದಣಿವಾರಿಸಿಕೊಳ್ಳದೆ ನಡೆಯುವವನ ಲೆಕ್ಕವಿದು. ನಮ್ಮಂಥವರು ಇದರ ಮೇಲೆ ಅರ್ಧದಷ್ಟಾದರೂ ಕೂಡಿಸಬೇಕು. ಆದರೂ ಎರಡು ಬೆಟ್ಟಗಳ ನಡುವಣ ಅಂತರ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಆ ಹುಡುಗಿಗೆ ಈ ಅಂಕಿಗಳನ್ನು ಬರೆದುಕೊಟ್ಟೆ. ಕೈವಾರದ ಬೆಟ್ಟದ ಮೆಟ್ಟಿಲುಗಳನ್ನು ತಾಯಿಯೊಡನೆ ಹತ್ತಿದ್ದು ಅವಳಿಗೆ ನೆನಪಿತ್ತು. ಅಲ್ಲಿ ಎಷ್ಟು ಸಲ ಕುಳಿತೆ ಎಂಬುದೂ ನೆನಪಿತ್ತು. ತಾನೇ ಗುಣಿಸಿ ಭಾಗಿಸಿ, ವೈದ್ಯರನ್ನೂ ಒಂದು ಮಾತು ಕೇಳಿ, ಹಾಳುಬಿದ್ದ ಕೋಟೆಗೋಡೆ ಮೊದಲು ಸಿಗುವ ಕಡೆಯವರೆಗೆ ಬರುತ್ತೇನೆಂದಳು. ಗೆಳತಿಯರಿಬ್ಬರು ಜೊತೆಗೆ ಕುಳಿತರು. ನಾವು ಇಳಿದು ಬಂದಾಗ ಮೂವರೂ ಕಡಲೆಕಾಯಿ ಬಿಡಿಸುತ್ತ ನಮ್ಮ ಏದುಸಿರನ್ನು ನೋಡಿ ನಕ್ಕರು.

ಅಂಕಿಗಳು ಎಲ್ಲವನ್ನೂ ಹೇಳುತ್ತವೆಂದಲ್ಲ. ಕುಮಾರಪರ್ವತದಲ್ಲಿ 2024ರ ಜನವರಿಯಲ್ಲಿ ಆದ ನೂಕುನುಗ್ಗಲು ಯಾವ ಸೂತ್ರಕ್ಕೂ ಸಿಕ್ಕುವುದಿಲ್ಲ. ನಮ್ಮ ಬೆಟ್ಟಗಳದು ಬೇರೊಂದು ಗುಣ: ಬೋಳು ಬಂಡೆ, ಅಪರೂಪದ ನೆರಳು, ಹತ್ತು ಗಂಟೆಯ ಮೇಲೆ ಕಾದ ಕಾವಲಿಯಂಥ ನೆಲ. ಚಳಿಗಾಲದ ಮುಂಜಾನೆ ಅದೇ ಬಂಡೆ ಮಂಜಿನಲ್ಲಿ ನೆನೆದು ಎಣ್ಣೆ ಹಚ್ಚಿದಂತಿರುತ್ತದೆ. ಪಟ್ಟಿಗಳೆಲ್ಲ ಹತ್ತುವುದನ್ನೇ ಹೇಳುತ್ತವೆ, ಇಳಿಯುವುದನ್ನು ಹೇಳುವುದಿಲ್ಲ. ನಮ್ಮ ಕಾಲೇಜಿನ ಸೂಚನಾಫಲಕದಲ್ಲಿ ಈಗ 'ಸುಲಭ' ಎಂಬ ಮಾತಿಲ್ಲ. ಬೆಟ್ಟದ ಹೆಸರಿನ ಮುಂದೆ ಮೈಲಿ, ಅಡಿ, ಗಂಟೆ, ನೀರು, ನೆರಳು ಎಂದು ಐದು ಅಂಕಣಗಳಿದ್ದವು; ಕಳೆದ ವರ್ಷ ವಿದ್ಯಾರ್ಥಿಗಳೇ 'ಇಳಿಜಾರು' ಎಂದು ಆರನೆಯದನ್ನು ಗೆರೆ ಎಳೆದು ಸೇರಿಸಿದರು. ಅಂಬಾಜಿದುರ್ಗದ ಎದುರಿಗೆ ಆ ಜಾಗ ಇನ್ನೂ ಖಾಲಿಯಿದೆ. ಈ ಡಿಸೆಂಬರಿನಲ್ಲಿ ಹೋಗಿ ತುಂಬುವುದೆಂದು ಆಗಿದೆ.