ಗ್ರಹಣದ ರಾತ್ರಿ ಮತ್ತು ದಾನದ ಕಲ್ಲು

ಹುಣ್ಣಿಮೆಯ ಚಂದ್ರಬಿಂಬದ ಒಂದು ಪಾಲು ಮಾತ್ರ ಭೂಮಿಯ ದಟ್ಟ ನೆರಳಿನಲ್ಲಿ ಮರೆಯಾದರೆ ಅದನ್ನು ಖಂಡಗ್ರಾಸ ಗ್ರಹಣವೆಂದೂ, ಇಡೀ ಬಿಂಬವೇ ಮರೆಯಾದರೆ ಖಗ್ರಾಸವೆಂದೂ ಪಂಚಾಂಗಗಳು ಕರೆಯುತ್ತವೆ. ಚಂದ್ರನ ಹಾದಿ ಸೂರ್ಯನ ತೋರಿಕೆಯ ಹಾದಿಗೆ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ, ಅವೆರಡೂ ಸಂಧಿಸುವ ರಾಹು-ಕೇತುಗಳೆಂಬ ಬಿಂದುಗಳ ಸಮೀಪದಲ್ಲಿ ಹುಣ್ಣಿಮೆ ಒದಗಿದಾಗ ಮಾತ್ರ ಗ್ರಹಣವಾಗುತ್ತದೆ. ಚಂದ್ರನು ಆ ಬಿಂದುವಿನಿಂದ ದೂರ ಸರಿದಿದ್ದಷ್ಟೂ ಮರೆಯಾಗುವ ಪಾಲು, ಅಂದರೆ ಗ್ರಾಸ, ಕಡಿಮೆ. 2023ರ ಅಕ್ಟೋಬರ್ 28ರ ಶೀಗಿ ಹುಣ್ಣಿಮೆಯಂದು, ನಡುರಾತ್ರಿ ಕಳೆದ ಮೇಲೆ ಕೃಷ್ಣಾ ಸೀಮೆಯ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಬಾನಿನಲ್ಲಿ ಒದಗಿದ್ದು ಇಂಥ ಖಂಡಗ್ರಾಸವೇ.

ಇಂಥ ಗ್ರಹಣವನ್ನು ಅಳೆದು ಬರೆದಿಟ್ಟ ಪ್ರಾಚೀನರಲ್ಲಿ ಬ್ಯಾಬಿಲೋನಿಯದವರು ಪ್ರಮುಖರು. ಕ್ರಿ.ಪೂ. 720ರ ಮಾರ್ಚ್ 8ರ ನಡುರಾತ್ರಿ ಚಂದ್ರಬಿಂಬವು ದಕ್ಷಿಣದ ಕಡೆಯಿಂದ ವ್ಯಾಸದ ಹನ್ನೆರಡರಲ್ಲಿ ಮೂರು ಪಾಲಿನಷ್ಟು ಮರೆಯಾಯಿತೆಂಬ ಅವರ ದಾಖಲೆಯನ್ನು ಕ್ರಿ.ಶ. 2ನೆಯ ಶತಮಾನದ ಟಾಲೆಮಿಯು ತನ್ನ ‘ಆಲ್ಮಜೆಸ್ಟ್’ ಗ್ರಂಥದಲ್ಲಿ ಉಳಿಸಿದ್ದಾನೆ. ಚಂದ್ರಗ್ರಹಣವು ಆ ಹೊತ್ತಿನಲ್ಲಿ ಚಂದ್ರನು ಬಾನಿನಲ್ಲಿರುವ ಎಲ್ಲ ಊರುಗಳಿಗೂ ಏಕಕಾಲಕ್ಕೆ ಕಾಣುವುದರಿಂದ, ಸ್ಥಳೀಯ ವೇಳೆಯಲ್ಲಿ ಬ್ಯಾಬಿಲೋನಿಯಕ್ಕಿಂತ ಸುಮಾರು ಎರಡು ಗಂಟೆ ಮುಂದಿರುವ ಕೃಷ್ಣಾ ತೀರದ ಆಕಾಶದಲ್ಲಿಯೂ ಅದು ನಡೆದಿತ್ತು.

ಕನ್ನಡ ನಾಡಿನ ಶಾಸನಗಳಲ್ಲಿ ಗ್ರಹಣ ಬರುವುದು ಅಳತೆಯಾಗಿ ಅಲ್ಲ, ದಾನದ ಪುಣ್ಯಕಾಲವಾಗಿ. ನಿಪ್ಪಾಣಿಗೆ ನೆರೆಯದಾದ ಕಾಗಲ ಸೀಮೆಯ ಬಾಮಣಿಯಲ್ಲಿ ದೊರೆತ, ಕೊಲ್ಲಾಪುರದ ಶಿಲಾಹಾರ ವಿಜಯಾದಿತ್ಯನ ಶಾಸನವು, ಶಕ 1073ರ ಪ್ರಮೋದ ಸಂವತ್ಸರದ ಭಾದ್ರಪದ ಹುಣ್ಣಿಮೆ, ಶುಕ್ರವಾರ, ಚಂದ್ರಗ್ರಹಣದ ಸಂದರ್ಭದಲ್ಲಿ ಪಾರ್ಶ್ವನಾಥ ಬಸದಿಗೆ ಭೂಮಿ, ಹೂದೋಟ ಮತ್ತು ಮನೆಯನ್ನು ಬಿಟ್ಟುದನ್ನು ಹೇಳುತ್ತದೆ. ಇಲ್ಲಿನ ಶಕವರ್ಷವು ಮುಗಿದದ್ದಲ್ಲ, ನಡೆಯುತ್ತಿದ್ದದ್ದು ಎಂದು ಗ್ರಹಿಸಿದರೆ ತಿಥಿಯು ಕ್ರಿ.ಶ. 1150ರ ಸೆಪ್ಟೆಂಬರ್ 8ಕ್ಕೆ ಸರಿಹೊಂದುತ್ತದೆ, ವಾರವೂ ಶುಕ್ರವಾರವೇ. ಶಾಸನವು ಗ್ರಹಣವೆಂದಷ್ಟೇ ಹೇಳಿದರೂ, ಆ ರಾತ್ರಿ ಚಂದ್ರನು ನೆರಳಿನ ಬಹುತೇಕ ನಡುವಿನಿಂದಲೇ ಹಾದುಹೋಗಿ ಖಗ್ರಾಸವಾಗಿತ್ತೆಂದು ಇಂದಿನ ಲೆಕ್ಕ ತೋರಿಸುತ್ತದೆ. ಅಂಚು ಮುಟ್ಟುವ ಸ್ಪರ್ಶದಿಂದ ಪೂರ್ತಿ ಮುಳುಗುವ ತನಕ, ಮತ್ತೆ ಹೊರಬರತೊಡಗಿದಾಗಿನಿಂದ ಬಿಡುಗಡೆಯಾಗುವ ಮೋಕ್ಷದ ತನಕ, ಜನ ಕಂಡದ್ದು ಮಾತ್ರ ಖಂಡಬಿಂಬವನ್ನೇ.

ಅದೇ 1150ರಲ್ಲಿ ಭಾಸ್ಕರಾಚಾರ್ಯನ ‘ಸಿದ್ಧಾಂತ ಶಿರೋಮಣಿ’ ರಚನೆಯಾಯಿತೆಂಬುದು ಗಮನಾರ್ಹ. ನೆರಳು ಮತ್ತು ಚಂದ್ರ, ಇವೆರಡರ ವ್ಯಾಸಗಳ ಮೊತ್ತದ ಅರ್ಧದಿಂದ, ಚಂದ್ರನು ಸೂರ್ಯನ ಹಾದಿಯಿಂದ ಉತ್ತರಕ್ಕೋ ದಕ್ಷಿಣಕ್ಕೋ ಸರಿದ ದೂರವಾದ ‘ಶರ’ವನ್ನು ಕಳೆದರೆ ಉಳಿಯುವುದೇ ಗ್ರಾಸ, ಅದು ಚಂದ್ರಬಿಂಬಕ್ಕಿಂತ ಕಡಿಮೆಯಾದರೆ ಖಂಡಗ್ರಾಸ ಎಂಬುದು ಭಾರತೀಯ ಸಿದ್ಧಾಂತ ಗ್ರಂಥಗಳ ಕ್ರಮ. ರಾಹು ನುಂಗುವನೆಂಬ ನಂಬಿಕೆಯೂ, ನೆರಳನ್ನು ಅಳೆಯುವ ಗಣಿತವೂ ಒಂದೇ ನಾಡಿನಲ್ಲಿ ಜೊತೆಯಾಗಿ ನಡೆದಿದ್ದವು.

ಗ್ರಹಣ, ತಿಥಿ, ವಾರ ಮೂರೂ ಕೂಡಿಬಂದಾಗ ಶಾಸನದ ಕಾಲವನ್ನು ಆಕಾಶವೇ ಖಚಿತಪಡಿಸುತ್ತದೆ. ಆದರೆ ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಗ್ರಹಣವನ್ನು ಯಾವಾಗ ಬೇಕಾದರೂ ಮರಳಿ ಲೆಕ್ಕ ಹಾಕಬಹುದು, ಆ ರಾತ್ರಿ ಯಾರು ಯಾರಿಗೆ ಏನು ಕೊಟ್ಟರೆಂಬುದನ್ನು ಯಾವ ಗಣಿತವೂ ಮರಳಿ ತರಲಾರದು. ಬಸದಿಯ ಗೋಡೆಯಲ್ಲೋ ಗುಡಿಯ ಅಂಗಳದಲ್ಲೋ ನಿಂತ ಕಲ್ಲನ್ನು ಕಾಪಾಡಬೇಕಾದದ್ದು ಆ ಕಾರಣಕ್ಕೆ.