ನಿಲ್ದಾಣದಲ್ಲಿ ಗ್ರಂಥಾಲಯದ ಪುಸ್ತಕ ವಾಪಸಾತಿ ಪೆಟ್ಟಿಗೆ: ವಾಣಿಜ್ಯೋದ್ಯಮಿಗಳಿಗೆ ಇದರಲ್ಲೇನಿದೆ?

ಕರ್ನಾಟಕದ ನಗರಗಳಲ್ಲಿ ಆಸ್ತಿ ತೆರಿಗೆ ಪಾವತಿಸುವ ಪ್ರತಿಯೊಬ್ಬ ವರ್ತಕನೂ, ಕಾರ್ಖಾನೆಯ ಮಾಲೀಕನೂ ಅದರೊಡನೆ ಶೇ. 6ರಷ್ಟು ಗ್ರಂಥಾಲಯ ಕರವನ್ನೂ ತೆರುತ್ತಾನೆ. ಈ ಕರದ ಮೂಲ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಲ್ಲಿದೆ. ಮಳಿಗೆಯೊಂದರ ಮೇಲಿನ ವಾರ್ಷಿಕ ತೆರಿಗೆ 50,000 ರೂಪಾಯಿಗಳಾದರೆ ಗ್ರಂಥಾಲಯದ ಪಾಲು 3,000 ರೂಪಾಯಿ. ರಸೀದಿಯ ಕೊನೆಯ ಸಾಲುಗಳಲ್ಲಿರುವ ಈ ಮೊತ್ತವನ್ನು ಓದಿ ನೋಡುವವರು ವಿರಳ. ಆದರೆ ಗ್ರಂಥಾಲಯವು ನಮ್ಮ ಹಣದಿಂದ ನಡೆಯುವ ಒಂದು ದಾಸ್ತಾನು ಮಳಿಗೆ ಎಂದು ಭಾವಿಸಿದಲ್ಲಿ, ಅದರ ಸರಕು ಎಷ್ಟು ಬೇಗ ಕೈಯಿಂದ ಕೈಗೆ ತಿರುಗುತ್ತಿದೆ ಎಂದು ಕೇಳುವ ಅಧಿಕಾರ ನಮಗಿದೆ.

ಈ ದಿಸೆಯಲ್ಲಿ ಸರಳವಾದ ಒಂದು ಲೆಕ್ಕವನ್ನು ಪರಿಶೀಲಿಸೋಣ. ಹದಿನೈದು ದಿನಗಳ ಅವಧಿಗೆ ಎರವಲು ನೀಡುವ ಪುಸ್ತಕವು ಸಕಾಲದಲ್ಲಿ ಹಿಂದಿರುಗಿದರೆ ವರ್ಷವೊಂದರಲ್ಲಿ 24 ಓದುಗರನ್ನು ತಲುಪಬಲ್ಲದು. ಪ್ರತಿ ಸಲವೂ ಐದು ದಿನ ತಡವಾದರೆ ಈ ಸಂಖ್ಯೆ 18ಕ್ಕೆ ಇಳಿಯುತ್ತದೆ. ಅಷ್ಟೇ ಓದುಗರಿಗೆ ಒದಗಿಸಲು ಮೂರನೇ ಒಂದು ಭಾಗದಷ್ಟು ಅಧಿಕ ಪ್ರತಿಗಳನ್ನು ಕೊಳ್ಳಬೇಕಾಗುತ್ತದೆ. ತಡಮಾಡುವವರೆಲ್ಲ ಬೇಜವಾಬ್ದಾರರಲ್ಲ. ಅವರು ಕೆಲಸಕ್ಕೆ ಹೊರಡುವಾಗ ಶಾಖೆಯ ಬಾಗಿಲು ತೆರೆದಿರುವುದಿಲ್ಲ, ಹಿಂದಿರುಗುವಷ್ಟರಲ್ಲಿ ಮುಚ್ಚಿರುತ್ತದೆ. ಆದರೆ ಅವರು ದಿನವೂ ಎರಡು ಬಾರಿ ನಿಲ್ದಾಣದ ಮೂಲಕವೇ ಹಾದುಹೋಗುತ್ತಾರೆ.

ಜಪಾನಿನ ಕ್ರಮ

ಈ ಸಂಗತಿಯನ್ನು ಅತ್ಯಂತ ವ್ಯವಸ್ಥಿತವಾಗಿ ಬಳಸಿಕೊಂಡಿರುವವರು ಜಪಾನೀಯರು. ಅಲ್ಲಿನ ಅನೇಕ ನಗರ ಗ್ರಂಥಾಲಯಗಳು ರೈಲು ನಿಲ್ದಾಣಗಳ ಆವರಣದಲ್ಲಿ ವಾಪಸಾತಿ ಪೆಟ್ಟಿಗೆಗಳನ್ನು ಸ್ಥಾಪಿಸಿವೆ. ಅಂಚೆ ಪೆಟ್ಟಿಗೆಯನ್ನು ಹೋಲುವ ಲೋಹದ ಪೆಟ್ಟಿಗೆಯಲ್ಲಿ ಓದುಗನು ಪುಸ್ತಕವನ್ನು ಹಾಕಿ ರೈಲು ಹತ್ತುತ್ತಾನೆ, ವಾಹನವೊಂದು ನಿಯತವಾಗಿ ಬಂದು ಅವುಗಳನ್ನು ಸಂಗ್ರಹಿಸಿ ಗ್ರಂಥಾಲಯಕ್ಕೆ ಒಯ್ಯುತ್ತದೆ. ನಿಯಮಗಳು ಕೆಲವೇ. ಬಿದ್ದರೆ ಒಡೆಯುವ ಸಿ.ಡಿ., ಡಿ.ವಿ.ಡಿ.ಗಳನ್ನಾಗಲೀ, ಬೇರೆ ಊರಿನ ಗ್ರಂಥಾಲಯದಿಂದ ತರಿಸಿಕೊಂಡ ಗ್ರಂಥಗಳನ್ನಾಗಲೀ ಸಾಮಾನ್ಯವಾಗಿ ಹಾಕುವಂತಿಲ್ಲ. ಪೆಟ್ಟಿಗೆಗೆ ಹಾಕಿದ ಕ್ಷಣದಲ್ಲೇ ಓದುಗನ ಲೆಕ್ಕ ಚುಕ್ತಾ ಆಗುವುದಿಲ್ಲ, ಪುಸ್ತಕ ಗ್ರಂಥಾಲಯವನ್ನು ತಲುಪಿ ನಮೂದಾದ ನಂತರವೇ ಆಗುತ್ತದೆ. ಅಲ್ಲಿನ ಬಹುತೇಕ ಸಾರ್ವಜನಿಕ ಗ್ರಂಥಾಲಯಗಳು ವಿಳಂಬಕ್ಕೆ ದಂಡ ವಿಧಿಸುವ ಬದಲು ಹೊಸ ಎರವಲನ್ನು ತಡೆಹಿಡಿಯುವುದರಿಂದ, ಈ ಒಂದೆರಡು ದಿನಗಳ ಅಂತರ ದೊಡ್ಡ ತಕರಾರಿಗೆ ಎಡೆಮಾಡುವುದಿಲ್ಲ. ದಂಡ ವಸೂಲಿಯ ಪದ್ಧತಿ ಇರುವ ಕಡೆ ಇದೇ ಮೊದಲ ಜಗಳವಾದೀತು.

ಇತರ ದೇಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಿಲ್ದಾಣದಲ್ಲೇ ಪುಸ್ತಕ ನೀಡುವ ವ್ಯವಸ್ಥೆಯನ್ನೂ ಕೈಗೊಂಡವು. ಚಿಲಿ ದೇಶದ ಸ್ಯಾಂಟಿಯಾಗೋ ಮೆಟ್ರೋದಲ್ಲಿ 1996ರಲ್ಲಿ, ಸ್ಪೇನಿನ ಮ್ಯಾಡ್ರಿಡ್ ಮೆಟ್ರೋದಲ್ಲಿ 2005ರಲ್ಲಿ 'ಬಿಬ್ಲಿಯೋಮೆಟ್ರೋ' ಎಂಬ ಒಂದೇ ಹೆಸರಿನಲ್ಲಿ ಪುಸ್ತಕದ ಗೂಡುಗಳು ಆರಂಭವಾದವು. ಅಮೆರಿಕದ ಕಾಂಟ್ರಾ ಕೋಸ್ಟಾ ಜಿಲ್ಲಾ ಗ್ರಂಥಾಲಯವು 2008ರಲ್ಲಿ ಪಿಟ್ಸ್‌ಬರ್ಗ್–ಬೇ ಪಾಯಿಂಟ್ ನಿಲ್ದಾಣದಲ್ಲಿ ಸ್ವೀಡನ್ ನಿರ್ಮಿತ ಯಂತ್ರವೊಂದನ್ನು ನಿಲ್ಲಿಸಿತು. ಅದು ಪುಸ್ತಕವನ್ನು ಕೊಡುವ ಮತ್ತು ಮರಳಿ ಪಡೆಯುವ ಎರಡೂ ಕೆಲಸಗಳನ್ನು ನಿರ್ವಹಿಸುತ್ತಿತ್ತು. ಆದರೆ ಯಂತ್ರಕ್ಕೆ ವಿದ್ಯುತ್, ದೂರಸಂಪರ್ಕ, ದುರಸ್ತಿ ಎಲ್ಲವೂ ಬೇಕು. ಬರಿಯ ಪೆಟ್ಟಿಗೆಗೆ ಬೇಕಾದದ್ದು ಒಂದು ಬೀಗ ಮಾತ್ರ. ಹಣ ಮಿತವಾಗಿರುವ ಕಡೆ ಪೆಟ್ಟಿಗೆಯಿಂದಲೇ ಆರಂಭಿಸುವುದು ವಿವೇಕ ಎಂಬುದು ಈ ಲೇಖಕನ ಅಭಿಪ್ರಾಯ.

ಪೆಟ್ಟಿಗೆಯ ತಯಾರಿಕೆ

ಶೀಟ್ ಮೆಟಲ್ ಕೆಲಸದಲ್ಲಿ ತೊಡಗಿರುವ ನಮ್ಮ ಸಣ್ಣ ಕೈಗಾರಿಕೆಗಳಿಗೆ ಇದರ ತಯಾರಿಕೆ ಅಸಾಧ್ಯವಾದುದೇನಲ್ಲ. ಆದರೂ ಮೇಲ್ನೋಟಕ್ಕೆ ಕಾಣುವಷ್ಟು ಸುಲಭವೂ ಅಲ್ಲ. ಪುಸ್ತಕ ಒಳಹೋಗಬೇಕು, ಕೈ ಒಳಹೋಗಬಾರದು. ಎತ್ತರದಿಂದ ಬಿದ್ದರೆ ಬೆನ್ನು ಮುರಿಯುತ್ತದೆಯಾದ್ದರಿಂದ ಒಳಗೆ ಸ್ಪ್ರಿಂಗ್ ಆಧಾರಿತ ತಳವುಳ್ಳ ತಳ್ಳುಗಾಡಿ ಇರುವುದು ಸೂಕ್ತ. ಭಾರ ಹೆಚ್ಚಿದಂತೆ ತಳವು ತಾನಾಗಿಯೇ ಕೆಳಗಿಳಿಯುತ್ತದೆ, ಹಾಗಾಗಿ ಮೊದಲನೆಯ ಪುಸ್ತಕವೂ ಕೊನೆಯದೂ ಬಹುತೇಕ ಒಂದೇ ಎತ್ತರದಿಂದ ಬೀಳುತ್ತವೆ. ಸರಾಸರಿ 350 ಗ್ರಾಂ ತೂಕದ 300 ಪುಸ್ತಕಗಳೆಂದರೆ ನೂರು ಕಿಲೋಗ್ರಾಂ ಮೀರುತ್ತದೆ. ಗಾಲಿಗಳೂ ಅವುಗಳ ಬೇರಿಂಗುಗಳೂ ಅದಕ್ಕೆ ತಕ್ಕವಾಗಿರಬೇಕು. ನಮ್ಮ ಮುಂಗಾರಿನ ಓರೆ ಮಳೆಗೆ ಬಾಯಿಯ ಮೇಲೆ ಇಳಿಜಾರಿನ ಮುಚ್ಚಿಗೆ ಮತ್ತು ರಬ್ಬರ್ ಪಟ್ಟಿ ಅನಿವಾರ್ಯ. ಒಮ್ಮೆ ನೆನೆದ ಪುಸ್ತಕ ಒಣಗಿದರೂ ಮೊದಲಿನಂತಾಗದು.

ಬೆಂಕಿಯ ಅಪಾಯವನ್ನೂ ಮರೆಯಲಾಗದು. ಅಮೆರಿಕದಲ್ಲಿ ಗ್ರಂಥಾಲಯದ ಗೋಡೆಗೆ ಹೊಂದಿಸಿದ ವಾಪಸಾತಿ ಕಿಂಡಿಗಳ ಮೂಲಕ ಕಿಡಿಗೇಡಿಗಳು ಬೆಂಕಿ ಹಾಕಿದ ಪ್ರಕರಣಗಳ ನಂತರ ಅಗ್ನಿನಿರೋಧಕ ಪೆಟ್ಟಿಗೆಗಳಿಗೆ ಬೇಡಿಕೆ ಬಂದಿತು.

ನಿಲ್ದಾಣದ ಆಡಳಿತಕ್ಕೆ ಇದಕ್ಕಿಂತ ದೊಡ್ಡ ಭಯ ಬಾಂಬಿನದು. ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಲ್ಲಿ 1991ರ ಫೆಬ್ರವರಿಯಲ್ಲಿ ಕಸದ ಡಬ್ಬಿಯೊಂದರಲ್ಲಿ ಬಾಂಬ್ ಸಿಡಿದು ಜೀವಹಾನಿಯಾಯಿತು, ಬಳಿಕ ನಿಲ್ದಾಣಗಳಿಂದ ಡಬ್ಬಿಗಳನ್ನೇ ತೆಗೆಯಲಾಯಿತು. ಬಾಯಿ ತೆರೆದ, ಒಳಗೇನಿದೆಯೆಂದು ತಿಳಿಯದ ಯಾವ ಪೆಟ್ಟಿಗೆಯನ್ನೂ ಭದ್ರತಾ ಅಧಿಕಾರಿಗಳು ಅನುಮಾನದಿಂದ ನೋಡುವುದು ಸಹಜವೇ. ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ಚೀಲಗಳನ್ನು ತಪಾಸಣಾ ಯಂತ್ರಕ್ಕೆ ಒಡ್ಡಿದ ನಂತರವೇ ಒಳಗೆ ಬಿಡಲಾಗುತ್ತದೆ. ಪೆಟ್ಟಿಗೆಯನ್ನು ತಪಾಸಣೆಯ ಆಚೆ, ಸಿಬ್ಬಂದಿಯ ಕಣ್ಣಳತೆಯಲ್ಲಿ ಇರಿಸಿದರೆ ಈ ಆಕ್ಷೇಪಣೆ ಬಹುಮಟ್ಟಿಗೆ ನಿವಾರಣೆಯಾದೀತು. ಆದರೆ ಆಗ ಅದು ಪ್ರಯಾಣಿಕರಿಗೆ ಮಾತ್ರ ದೊರೆಯುತ್ತದೆ, ಅಕ್ಕಪಕ್ಕದ ಬೀದಿಯವರಿಗಲ್ಲ.

ಅಂಗಡಿಗೆ ಬರುವ ಗಿರಾಕಿ

ವಾಪಸಾತಿಯೆಂದರೆ ಜನರನ್ನು ಒಂದು ಸ್ಥಳಕ್ಕೆ ಮತ್ತೆ ಮತ್ತೆ ಬರಮಾಡಿಕೊಳ್ಳುವ ಕ್ರಿಯೆ. ವರ್ತಕ ಬಾಂಧವರು ಗಮನಿಸಬೇಕಾದ ಅಂಶವಿದು. ಸಿಂಗಪುರವು 1999ರಲ್ಲಿ ಆರ್ಚರ್ಡ್ ರಸ್ತೆಯ ನೀ ಆನ್ ಸಿಟಿ ವ್ಯಾಪಾರ ಸಂಕೀರ್ಣದೊಳಗೇ ಸಾರ್ವಜನಿಕ ಗ್ರಂಥಾಲಯವೊಂದನ್ನು ತೆರೆಯಿತು. ಜಪಾನಿನ ಸೈತಾಮ ನಗರದ ಕೇಂದ್ರ ಗ್ರಂಥಾಲಯವು 2007ರಿಂದ ಉರಾವಾ ನಿಲ್ದಾಣದೆದುರಿನ ಕಟ್ಟಡದ ಎಂಟನೆಯ ಅಂತಸ್ತಿನಲ್ಲಿದೆ. ಅದೇ ಕಟ್ಟಡದಲ್ಲಿ ಪಾರ್ಕೋ ಮಳಿಗೆಯೂ ಇದೆ. ಮೇಲಂತಸ್ತಿಗೆ ಬಂದವರು ಇಳಿಯುವಾಗ ಅಂಗಡಿಗಳನ್ನು ಹಾದು ಬರುವುದನ್ನು ಜಪಾನಿನ ಚಿಲ್ಲರೆ ವ್ಯಾಪಾರಿಗಳು ತುಂತುರು ಸ್ನಾನಕ್ಕೆ ಹೋಲಿಸಿ ಹೆಸರಿಟ್ಟಿದ್ದಾರೆ. ಒಂದು ಪೆಟ್ಟಿಗೆಯಿಂದ ಇಷ್ಟೆಲ್ಲ ನಿರೀಕ್ಷಿಸುವುದು ಅತಿಯಾದೀತು. ಆದರೂ ಹದಿನೈದು ದಿನಕ್ಕೊಮ್ಮೆ ತಪ್ಪದೆ ನಿಂತು ಹೋಗುವ ಗಿರಾಕಿ ನಿಲ್ದಾಣದ ಕಾಫಿ ಮಳಿಗೆಗೂ ಲೇಖನ ಸಾಮಗ್ರಿಯ ಅಂಗಡಿಗೂ ಬೇಡವಾದವನಲ್ಲ.

ಬೆಂಗಳೂರಿನಲ್ಲಿ ಕಾರ್ಯಸಾಧ್ಯವೇ?

ಹಸಿರು ಮಾರ್ಗವು 2014ರಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವನ್ನೂ, ಹಳದಿ ಮಾರ್ಗವು 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರವನ್ನೂ ಮುಟ್ಟಿವೆ. ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯದ ಸಮೀಪದಲ್ಲೇ ನೇರಳೆ ಮಾರ್ಗ ಹಾದುಹೋಗಿದೆ. ಕಾರ್ಮಿಕನೂ ಗುಮಾಸ್ತನೂ ವಿದ್ಯಾರ್ಥಿಯೂ ಒಂದೇ ಗಾಡಿಯಲ್ಲಿ ಪ್ರಯಾಣಿಸುತ್ತಾರೆ. ಸ್ಥಳವಿದೆ, ಜನರಿದ್ದಾರೆ. ಕಠಿಣವಾದುದು ಹಿಂಬದಿಯ ವ್ಯವಸ್ಥೆ. ಯಾವ ಶಾಖೆಯ ಪುಸ್ತಕವನ್ನಾದರೂ ಯಾವುದೇ ಪೆಟ್ಟಿಗೆಗೆ ಹಾಕಬಹುದೆಂದರೆ, ಎಲ್ಲ ಶಾಖೆಗಳಿಗೂ ಒಂದೇ ಗಣಕೀಕೃತ ಲೆಕ್ಕವಿರಬೇಕು ಇಲ್ಲವೇ ಪ್ರತಿ ಪುಸ್ತಕವನ್ನೂ ವಿಂಗಡಿಸಿ ಅದರ ಶಾಖೆಗೆ ತಲುಪಿಸಬೇಕು. ಸಿಂಗಪುರವು 1998ರಲ್ಲಿ ಬುಕಿತ್ ಬಾತೋಕ್ ಗ್ರಂಥಾಲಯದಲ್ಲಿ ಆರ್.ಎಫ್.ಐ.ಡಿ. ಚೀಟಿಗಳನ್ನು ಅಳವಡಿಸಿ ಈ ಶ್ರಮವನ್ನು ಬಹಳಷ್ಟು ತಗ್ಗಿಸಿಕೊಂಡಿತು. ಅಂತಹ ಚೀಟಿಯಿದ್ದರೆ ಪೆಟ್ಟಿಗೆಯ ಬಾಯಲ್ಲೇ ಪುಸ್ತಕವನ್ನು ಗುರುತಿಸಿ ರಸೀದಿ ನೀಡಬಹುದು. ಠೇವಣಿ ಇಟ್ಟು ಸದಸ್ಯನಾದ ಓದುಗನಿಗೆ ಆ ರಸೀದಿ ಬೇಕೇ ಬೇಕು.

ಇನ್ನು ಸಂಗ್ರಹಣೆ. ಪೆಟ್ಟಿಗೆಯನ್ನು ಮೂರು ದಿನಕ್ಕೊಮ್ಮೆ ತೆರೆದರೆ ಮೇಲಿನ ಲೆಕ್ಕದಲ್ಲಿ ಉಳಿಸಿದ ಐದು ದಿನಗಳಲ್ಲಿ ಮೂರು ದಿನಗಳವರೆಗೂ ಪೆಟ್ಟಿಗೆಯೊಳಗೇ ಕಳೆದುಹೋಗಬಹುದು. ಆದ್ದರಿಂದ ದಿನಕ್ಕೊಮ್ಮೆ ಬರುವ ವಾಹನದ ಗುತ್ತಿಗೆಯೇ ಈ ಯೋಜನೆಯ ನಿಜವಾದ ವೆಚ್ಚ. ಪೆಟ್ಟಿಗೆಯ ಬೆಲೆ ಒಮ್ಮೆ ತೆರುವಂಥದು, ವಾಹನದ ಬಾಡಿಗೆ ಪ್ರತಿ ತಿಂಗಳೂ ತೆರಬೇಕಾದುದು. ಕೇಂದ್ರ ಗ್ರಂಥಾಲಯಕ್ಕೆ ಹತ್ತಿರವಿರುವ ಒಂದೆರಡು ನಿಲ್ದಾಣಗಳಲ್ಲಿ, ಅದೊಂದೇ ಗ್ರಂಥಾಲಯದ ಪುಸ್ತಕಗಳಿಗೆ ಸೀಮಿತವಾಗಿ ಆರು ತಿಂಗಳು ನಡೆಸಿ ನೋಡಿದಲ್ಲಿ ವಿಂಗಡಣೆಯ ತೊಡಕೂ ಇರದು, ಬಾಡಿಗೆಯೂ ಹಗುರವಾದೀತು. ದಿನಕ್ಕೆಷ್ಟು ಪುಸ್ತಕ ಬಂದಿತು, ಅವು ಎಷ್ಟು ದಿನ ಮುಂಚೆ ಬಂದವು ಎಂಬ ಎರಡು ಅಂಕಿಗಳನ್ನು ಬರೆದಿಟ್ಟರೆ ಮುಂದಿನ ನಿಲ್ದಾಣದ ಟೆಂಡರಿಗೆ ಅವೇ ಆಧಾರವಾಗುತ್ತವೆ.